ಅಣ್ಣ ಆರಿಸಿದ ಡೀಸೆಲ್ ಸೆಟ್

ಡೀಸೆಲ್ ವೆಲ್ಡಿಂಗ್ ಸೆಟ್ ಕೊಳ್ಳುವಾಗ ಅಣ್ಣ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದದ್ದು ನನ್ನ ಮಾತು ಕೇಳುವುದಕ್ಕಲ್ಲ, ಪಕ್ಕದಲ್ಲಿ ವೆಲ್ಡರ್ ಒಬ್ಬ ನಿಂತಿದ್ದರೆ ಗತ್ತು ಅಂತ. ಪೈಪ್‌ಲೈನಿನ ಕೆಲಸ ಸಿಕ್ಕಿತ್ತು. ಕಂಟ್ರಾಕ್ಟರ್ ಅವನು, ಬೆಸೆಯುವವನು ನಾನು. ಪೈಪು ಹೋಗುವುದು ಬಟ್ಟಬಯಲಿನಲ್ಲಿ, ಅಲ್ಲಿ ಕರೆಂಟಿಲ್ಲ. ವೆಲ್ಡಿಂಗಿಗೂ ಕಬ್ಬಿಣ ಉಜ್ಜುವ ಗ್ರೈಂಡರಿಗೂ ಒಂದೇ ಎಂಜಿನ್ ಗತಿ.

ಅಂಗಡಿಯವನು ಸಪಾಟಾದ ತಗಡಿನ ಮೇಲೆ ಒಂದು ಗೆರೆ ಬೆಸೆದು ತೋರಿಸಿದ. ಚೆನ್ನಾಗೇ ಬಂತು. ನಾನು ಸುಮ್ಮನಿರಲಿಲ್ಲ, ಗ್ರೈಂಡರನ್ನು ಅದೇ ಸೆಟ್ಟಿಗೆ ಸಿಕ್ಕಿಸಿ ಅಂಗಡಿಯ ಹುಡುಗನ ಕೈಗೆ ಕೊಟ್ಟು, ಅದು ಓಡುತ್ತಿರುವಾಗಲೇ ವೆಲ್ಡಿಂಗ್ ರಾಡ್ ಹಿಡಿದೆ. ಗ್ರೈಂಡರ್ ಕಬ್ಬಿಣ ಮುಟ್ಟಿದ ಕೂಡಲೇ ರಾಡಿನ ತುದಿಯ ಬೆಂಕಿ ಸೊರಗಿತು. ಇದು ಬೇಡ, ಆ ಮೂಲೆಯಲ್ಲಿರುವುದಕ್ಕೆ ಸದ್ದು ಜಾಸ್ತಿ, ಆದರೆ ಎರಡು ಹೊರೆಯನ್ನೂ ಒಟ್ಟಿಗೆ ತಡೆಯುತ್ತದೆ ಎಂದೆ. ಅಣ್ಣ ಅಂಗಡಿಯವನ ಮುಖ ನೋಡಿ ನಕ್ಕ. ಇವನಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಾಳಿ ಎಂದ. ಗುಂಡಿ ಒತ್ತಿದರೆ ಶುರುವಾಗುವ ಆ ಹೊಸದರ ಮೇಲೆ ಅವನ ಮನಸ್ಸು ಕೂತಾಗಿತ್ತು.

ಸೈಟಿನಲ್ಲಿ ನಾನೇ ಒಂದು ಕಟ್ಟುಪಾಡು ಮಾಡಿಕೊಂಡೆ. ನಾನು ಬೆಸೆಯುವಾಗ ಗ್ರೈಂಡರ್ ಬಂದ್, ಅದು ಓಡುವಾಗ ನಾನು ಕೈಕಟ್ಟಿ ಕೂರುವುದು. ಎಂಟು ದಿನ ಒಂದು ಜಾಯಿಂಟೂ ಕೆಡಲಿಲ್ಲ. ಒಂಬತ್ತನೇ ದಿನ ಅಣ್ಣ ಬಂದು, ಅರ್ಧ ಹೊತ್ತು ಕೂತೇ ಇರ್ತೀಯಲ್ಲ, ಮಾವನ ಮನೆಗೆ ಬಂದಿದ್ದೀಯಾ ಎಂದು ನಾಲ್ಕು ಜನರ ಎದುರು ಜಾಡಿಸಿದ. ನನಗೆ ರೋಷ ಬಂತು. ರೋಷದಲ್ಲಿ ಮಾಡಬಾರದ್ದು ಮಾಡಿದೆ, ಅವನು ಹೇಳಿದ ಹಾಗೆ ಕೇಳಿದೆ. ಎರಡೂ ಒಟ್ಟಿಗೆ ಓಡಿದವು.

ಈ ಕೆಲಸದಲ್ಲಿ ಬೆಸೆದವನು ಜಾಯಿಂಟಿನ ಪಕ್ಕ ತನ್ನ ನಂಬರನ್ನು ತಾನೇ ಕುಟ್ಟಬೇಕು. ಎಕ್ಸ್‌ರೇ ತೆಗೆದಾಗ ನಾಲ್ಕು ಜಾಯಿಂಟ್ ಒಳಗೆ ಕೂಡಿರಲಿಲ್ಲ. ನಾಲ್ಕರ ಪಕ್ಕದಲ್ಲೂ ಇದ್ದದ್ದು ನನ್ನ ನಂಬರು.

ಬೆಸುಗೆ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ. ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆದು ಕೂರಿಸಿದರು. ತಪ್ಪು ಮಷಿನ್ನಿನದಾದರೆ ಮಷಿನ್ ಹೊರಗೆ, ಅಣ್ಣನ ಕಂಟ್ರಾಕ್ಟೂ ಅದರ ಜೊತೆಗೆ. ತಪ್ಪು ನನ್ನದಾದರೆ ನನ್ನ ವೆಲ್ಡರ್ ಕಾರ್ಡು ರದ್ದು.

"ಇಷ್ಟು ದಿನ ಚೆನ್ನಾಗಿತ್ತಲ್ಲಪ್ಪ. ಮಷಿನ್ ಏನಾದ್ರೂ ಕೈ ಕೊಡ್ತಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ: "ಮಷಿನ್ ಹೊಸದು ಸರ್. ಇವನಿಗೇ ಈಚೆಗೆ ಕಣ್ಣು ಸರಿಯಾಗಿ ಕಾಣ್ಸಲ್ಲ. ಪಾಪ, ಹೇಳ್ಕೊಳ್ಳೋಕೆ ನಾಚಿಕೆ."

ಪಾಪ ಅಂತ ಬೇರೆ. ಕೈ ತಪ್ಪಿತು ಅಂದಿದ್ದರೆ ಆರು ತಿಂಗಳಿಗೆ ಮತ್ತೆ ಪರೀಕ್ಷೆ ಕೊಡಬಹುದಿತ್ತು. ಕಣ್ಣು ಹೋದ ವೆಲ್ಡರನ್ನು ಯಾರು ಕರೆಯುತ್ತಾರೆ? ಸುಳ್ಳು ಅನ್ನಬೇಕೆಂದು ಅವನತ್ತ ತಿರುಗಿದೆ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ಅವನು. ಇವತ್ತಿಗೂ ನಾನು, ಹೆಂಡತಿ, ಮಕ್ಕಳು ಉಣ್ಣುವುದು ಅತ್ತಿಗೆ ಬಡಿಸಿದ್ದನ್ನೇ. ಇನ್‌ಸ್ಪೆಕ್ಟರ್ ಕಡೆ ತಿರುಗಿ ಹೌದೆಂದು ತಲೆಯಾಡಿಸಿದೆ.

ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟು ಫಾರಮ್ಮಿನಲ್ಲಿ ಬರೆದರು. ಮೇಜಿನ ಈಚೆಯಿಂದ, ತಲೆಕೆಳಗಾಗಿ, ಆ ಸಣ್ಣ ಅಕ್ಷರಗಳನ್ನೆಲ್ಲ ಒಂದೂ ಬಿಡದೆ ಓದಿದೆ: ದೃಷ್ಟಿ ಮಂದ, ಬೆಸುಗೆ ಕೆಲಸಕ್ಕೆ ಯೋಗ್ಯನಲ್ಲ. ಅವರು ಪೆನ್ನನ್ನು ನನ್ನ ಕೈಗಿಟ್ಟು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.