ಮಂಚದ ಕಾಲಡಿಯ ಪುಸ್ತಕ

ಅಜ್ಜಿಯ ಬಿಪಿ ಇಳಿದಿತ್ತು. ಮಂಚವನ್ನು ಕಾಲಿನ ಕಡೆ ಎತ್ತರಿಸಿ, ಅಡಿಗೆ ದಪ್ಪ ದಪ್ಪ ಪುಸ್ತಕ ಕೊಟ್ಟಿದ್ದರು. ಗ್ರಂಥಾಲಯದ ಕೋಣೆ ಸ್ಕ್ಯಾನಿಂಗ್ ಯಂತ್ರದ ಪಾಲಾದ ಮೇಲೆ ಆ ಆಸ್ಪತ್ರೆಯ ಪುಸ್ತಕಗಳಿಗೆ ಉಳಿದಿದ್ದ ಕೆಲಸ ಅದೊಂದೇ.

"ನೋಡೇ, ಅಕ್ಷರ ಬರದಿದ್ರೂ ಎಷ್ಟು ವಿದ್ಯೆ ಮೇಲೆ ಮಲಗಿದೀನಿ," ಎಂದು ಅಜ್ಜಿ ಮಗಳಿಗೆ ಹೇಳಿ ನಕ್ಕಳು.

ಚುಚ್ಚಿ ಚುಚ್ಚಿ ಸಾಕಾಗಿ, ಕೊನೆಗೆ ಎಡಗೈಯಲ್ಲಿ ಒಂದೇ ಒಂದು ನರ ಸಿಕ್ಕಿತ್ತು. ಅದರಲ್ಲಿ ಆಗಲೇ ಬಿಪಿ ಏರಿಸುವ ಒಂದು ಔಷಧಿ ಹೋಗುತ್ತಿತ್ತು. ಡಾಕ್ಟರ್ ಇನ್ನೊಂದು ಬರೆದರು.

"ಸರ್, ಇವೆರಡೂ ಒಂದೇ ಪೈಪಲ್ಲಿ ಹೋಗಬಹುದಾ?" ಸಿಸ್ಟರ್ ಕೇಳಿದಳು.

"ಹೋಗುತ್ತೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಹೇಗೆ ಸರ್?"

"ಇನ್ನೊಂದು ನರ ಇದ್ರೆ ಹುಡುಕಿಕೊಡಿ. ಇಲ್ಲಾಂದ್ರೆ ಕಾಯೋಕೆ ಟೈಮಿಲ್ಲ."

ಅವರು ಮೊಬೈಲ್ ತೆಗೆದು ಹುಡುಕಿದರು. ಒಂದು ಸೈಟು ಹೂಂ ಅಂದಿತು, ಇನ್ನೊಂದು ಊಹೂಂ. ಗ್ರಂಥಾಲಯದ ಕೋಣೆ ಬಿಟ್ಟುಕೊಡುವಾಗ ಇವರೇ ಮೀಟಿಂಗಿನಲ್ಲಿ ಹೇಳಿದ್ದರು: "ಸ್ಕ್ಯಾನ್ ಇಲ್ದೆ ಜನ ಸಾಯ್ತಿದಾರೆ. ಪುಸ್ತಕ ಇಲ್ದೆ ಯಾರು ಸತ್ರು?"

ಯಾವ ಔಷಧಿ ಯಾವುದರ ಜೊತೆ ಸೇರಬಾರದು ಎಂಬ ಪಟ್ಟಿ ಗ್ರಂಥಾಲಯದ ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿತ್ತು. ಸಿಸ್ಟರ್ ಮಂಡಿಯೂರಿ ಮಂಚಗಳ ಕೆಳಗೆಲ್ಲ ಇಣುಕಿದಳು. ಅದು ಅಜ್ಜಿಯ ಮಂಚದ ಕೆಳಗೇ ಇತ್ತು. ಡಾಕ್ಟರ್, ಮಗಳು ಸೇರಿ ಮಂಚ ಎತ್ತಿದರು; ಸಿಸ್ಟರ್ ಎಳೆದಳು. ದಿನಾ ನೆಲ ಒರೆಸಿದ ಫಿನಾಯಿಲ್ ನೀರು ಕುಡಿದು ಹಾಳೆಗಳೆಲ್ಲ ಅಂಟಿ ಹಲಗೆಯಾಗಿದ್ದವು. ಉಗುರು ತೂರಿಸಿದರೆ ಪುಡಿಪುಡಿಯಾಗಿ ಕೈಗೆ ಬಂದವು.

"ಹಾಕಿ," ಎಂದರು ಡಾಕ್ಟರ್. ದನಿ ಬಿದ್ದುಹೋಗಿತ್ತು.

ಹಾಕಿದಳು. ಪೈಪಿನೊಳಗಿನ ತಿಳಿನೀರು ನೋಡನೋಡುತ್ತಲೇ ಒಡೆದ ಹಾಲಿನಂತಾಯಿತು. ಅವಳು ತಟ್ಟನೆ ಪೈಪು ಹಿಸುಕಿ ಸೂಜಿ ಕಿತ್ತಳು. ಬಿಳುಪು ಅಜ್ಜಿಯ ಮೈ ಸೇರಲಿಲ್ಲ. ಆದರೆ ಇದ್ದೊಂದು ನರವೂ ಹೋಯಿತು. ಕೈ, ಕಾಲು, ಕುತ್ತಿಗೆ, ಎಲ್ಲಾ ಕಡೆ ಇಬ್ಬರೂ ತಡಕಾಡಿದರು. ಎಲ್ಲೂ ಸಿಗಲಿಲ್ಲ. ಔಷಧಿ ನಿಂತು ಬಿಪಿ ಇಳಿಯುತ್ತಲೇ ಹೋಯಿತು.

ಎಲ್ಲ ಮುಗಿದ ಮೇಲೆ ಮಗಳು, "ಅಮ್ಮ ಈಗ ತಾನೇ ತಮಾಷೆ ಮಾಡ್ತಿದ್ಲಲ್ಲ ಸಿಸ್ಟರ್," ಎಂದಳು.

ಮರುದಿನ ಬೆಳಿಗ್ಗೆ ಡಾಕ್ಟರ್ ಕಾರಿನ ಡಿಕ್ಕಿಯಿಂದ ತಾವೇ ಇಟ್ಟಿಗೆ ಹೊತ್ತು ತಂದರು. ಒಂದೊಂದೇ ಮಂಚ ಎತ್ತಿಸಿ ಇಟ್ಟಿಗೆ ಕೊಟ್ಟು ಪುಸ್ತಕ ತೆಗೆದರು.

"ಇವನ್ನ ಇಡೋಕೆ ಜಾಗ ಎಲ್ಲಿದೆ ಸರ್?" ಎಂದಳು ಸಿಸ್ಟರ್.

"ನನ್ನ ರೂಮಿದೆಯಲ್ಲ. ಬೀಗ ಹಾಕಬೇಡಿ."

ಕೆಂಪು ರಟ್ಟಿನದನ್ನೂ ಕಿಟಕಿಯ ಬಿಸಿಲಿಗಿಟ್ಟರು. ಸಂಜೆ ಬಂದು ಹಾಳೆ ಬಿಡಿಸಲು ನೋಡಿದರು. ಒಂದೂ ಬಿಡಲಿಲ್ಲ.