ಬ್ಯಾಣದಲ್ಲಿ ಕಟ್ಟಿದ ಕುದುರೆ

ಕಲ್ಲೇಶ ತನ್ನ ಕುದುರೆ ಕಟ್ಟಿಕೊಳ್ಳಲು ನಮ್ಮ ಬ್ಯಾಣದಲ್ಲಿ ಜಾಗ ಕೇಳಿದಾಗ ನಾನು ಎರಡನೇ ಮಾತಾಡದೆ ಒಪ್ಪಿದೆ. ಮನೆ ಪಕ್ಕದ ಆ ಹುಲ್ಲಿನ ಇಳಿಜಾರು ಒಂದು ವರ್ಷದಿಂದ ಸುಮ್ಮನೆ ಬಿದ್ದಿತ್ತು. ನನ್ನ ಮಂಡಿ ಆಪರೇಷನ್ ಆದ ಮೇಲೆ ಕೊನೆಯ ಎರಡು ದನಗಳನ್ನೂ ಕೊಟ್ಟುಬಿಟ್ಟಿದ್ದೆವು. ಮೂವತ್ತೆಂಟು ವರ್ಷ ದನಗಳ ಜೊತೆ ಬೆಳಗು ಮಾಡಿದವಳಿಗೆ ಖಾಲಿ ಕೊಟ್ಟಿಗೆಯ ಮುಂದೆ ಓಡಾಡುವುದು ಕಷ್ಟ. ಕೊಟ್ಟಿಗೆಯಲ್ಲೂ ಕಟ್ಟಿಕೋ, ಬಾಡಿಗೆ ಏನೂ ಬೇಡ, ಲದ್ದಿ ನಮ್ಮ ಗೊಬ್ಬರದ ಗುಂಡಿಗೆ ಬಿದ್ದರೆ ಸಾಕು ಅಂದೆ.

ಕಲ್ಲೇಶ ಬಾಳೆಹೊನ್ನೂರು ಕಡೆಯವನು. ಟೆಂಪೋ ಓಡಿಸುವುದನ್ನು ಬಿಟ್ಟು ಈ ಬಿಳಿ ಹೆಣ್ಣು ಕುದುರೆ ತಂದಿದ್ದ. ಹೆಸರು ಮುತ್ತು. ಕೊಪ್ಪ, ಶೃಂಗೇರಿಯ ಮದುವೆಗಳಲ್ಲಿ ಮದುಮಗನನ್ನು ಕೂರಿಸಿ ಮಂಟಪದವರೆಗೆ ಕರೆತರುವುದು, ಹೋಮ್‌ಸ್ಟೇಗಳಲ್ಲಿ ಫೋಟೋಕ್ಕೆ ನಿಲ್ಲಿಸುವುದು ಅವನ ಕಸುಬು. ಅವನೂ ಹೆಂಡತಿ ಗಾನವಿಯೂ ಬಾಳಗಡಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅಲ್ಲಿ ಕುದುರೆ ಕಟ್ಟಲು ಜಾಗ ಎಲ್ಲಿಂದ ಬರಬೇಕು? ಕಮ್ಮರಡಿ ಹತ್ತಿರದ ನಮ್ಮ ಮನೆಗೆ ದಿನಾ ಬೆಳಿಗ್ಗೆ ಬೈಕಿನಲ್ಲಿ ಬಂದು ಮೈ ತಿಕ್ಕಿ, ತಿನ್ನಿಸಿ ಹೋಗುತ್ತಿದ್ದ.

ಮೊದಲ ದಿನವೇ ಅವನು ಹೇಳಿದ್ದ.

"ಯಮುನಕ್ಕ, ಒಂದು ಮಾತು. ನಾನು ಹಾಕಿದ್ದು ಬಿಟ್ಟು ಬೇರೆ ಏನೂ ಹಾಕ್ಬೇಡಿ. ಒಣಹುಲ್ಲು, ನೆನೆಸಿದ ಹುರುಳಿ, ಅಷ್ಟೇ."

"ಹೋಗಾ ಮಾರಾಯ, ಪ್ರಾಣಿ ಸಾಕೋದು ನಂಗೆ ಹೇಳಿಕೊಡ್ತೀಯಾ?"

"ಹಂಗಲ್ಲ ಅಕ್ಕ, ಇದು ದನ ಅಲ್ಲ. ದನ ಎಷ್ಟು ತಿಂದ್ರೂ ಮೆಲುಕು ಹಾಕಿ ಅರಗಿಸ್ಕೊಳ್ತದೆ. ಇದರ ಹೊಟ್ಟೆ ಸಣ್ಣದು. ಹೆಚ್ಚಾದ್ರೆ ವಾಂತಿ ಮಾಡಾಕೂ ಬರಲ್ಲ ಇದಕ್ಕೆ."

ಜಗಲಿಯಲ್ಲಿ ಕೂತಿದ್ದ ನನ್ನ ಗಂಡ ಬೈರಪ್ಪ ನಕ್ಕರು. "ಯಾರಿಗೆ ಹೇಳ್ತಿದೀಯ ಗೊತ್ತೇನೋ? ಈ ಸುತ್ತಿನಲ್ಲಿ ದನ ಕೆಮ್ಮಿದ್ರೂ ಡಾಕ್ಟ್ರಿಗಿಂತ ಮೊದ್ಲು ಇವಳಿಗೇ ಫೋನು."

ಅದು ನಿಜವೇ ಆಗಿತ್ತು. ಹೊಟ್ಟೆ ಉಬ್ಬರಿಸಿ ಬಿದ್ದ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಶುಂಠಿ ಕುಡಿಸಿ ಎಬ್ಬಿಸಿದ್ದೇನೆ. ಸಿಕ್ಕಿಕೊಂಡ ಕರುವನ್ನು ಕೈ ಹಾಕಿ ಎಳೆದಿದ್ದೇನೆ. ಮೂವತ್ತು ದಾಟದ ಹುಡುಗ ಬಂದು ನನಗೆ ಬುದ್ಧಿ ಹೇಳಿದ್ದು ಸ್ವಲ್ಪ ಚುಚ್ಚಿತು.

ಮುತ್ತು ಸಾಧು. ನಾನು ಕೊಟ್ಟಿಗೆ ಬಾಗಿಲಿಗೆ ಬಂದರೆ ಕಿವಿ ಮುಂದೆ ಮಾಡಿ ಮೂಗಿನಲ್ಲೇ ಸಣ್ಣಗೆ ಸದ್ದು ಮಾಡುತ್ತಿತ್ತು. ಆದರೆ ಅದರ ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಓಡುವ ಪ್ರಾಣಿ ಹಾಗೇ ಇರಬೇಕು ಅಂತ ಕಲ್ಲೇಶ ಅನ್ನುತ್ತಿದ್ದ. ನನ್ನ ಕಣ್ಣಿಗೆ ಅದು ಹಸಿದ ಪ್ರಾಣಿ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕೆಳಗಿನ ಮನೆಯ ಗಣಪತಿ ಒಂದು ದಿನ ಕೇಳಿಯೇಬಿಟ್ಟ: "ಎಂಥ ಯಮುನಕ್ಕ, ನಿಮ್ಮ ಕೊಟ್ಟಿಗೇಲಿ ಇಂಥ ಬಡಕಲು ಕಟ್ಟಿದ್ದನ್ನ ನಾ ನೋಡಿರ್ಲಿಲ್ಲ. ಎಲುಬು ಎಣಿಸ್ಬಹುದು!"

ಮಾರನೇ ದಿನದಿಂದ ಕಲ್ಲೇಶ ಹೋದ ಮೇಲೆ ಒಂದು ಹಿಡಿ ಅನ್ನ, ಒಂದು ಬಾಳೆಹಣ್ಣು, ಬೆಲ್ಲದ ಚೂರು ಕೊಡಲು ಶುರುಮಾಡಿದೆ. ಏನೂ ಆಗಲಿಲ್ಲ. ಹುಡುಗನಿಗೆ ಹೆದರಿಕೆ ಜಾಸ್ತಿ ಅಂದುಕೊಂಡೆ.

ಏಪ್ರಿಲ್ ಕೊನೆಯಲ್ಲಿ ಗಣಪತಿಯ ಮನೆಯಲ್ಲಿ ಮಗಳ ಸೀಮಂತ. ನಮ್ಮಲ್ಲಿ ಊಟ ಮಿಕ್ಕಿದರೆ ಚೆಲ್ಲುವುದಿಲ್ಲ, ಕೊಟ್ಟಿಗೆ ಇರುವ ಮನೆಗೆ ತಂದು ಕೊಡುತ್ತಾರೆ. ನಮ್ಮ ದನ ಹೋದ ಮೇಲೂ ಜನ ಅಭ್ಯಾಸಬಲದಿಂದ ನಮ್ಮ ಬಾಗಿಲಿಗೇ ತರುತ್ತಿದ್ದರು. ಸೀಮಂತದ ಮಾರನೇ ದಿನ ಬೆಳಿಗ್ಗೆ ಗಣಪತಿ ಎರಡು ಬಕೆಟು ತಂದಿಟ್ಟ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಅನ್ನದ ಮೇಲೆ ಸುರಿದ ಕಡಲೆಬೇಳೆ ಪಾಯಸ.

"ಕುದ್ರೆಗೆ ಹಾಕಿ. ಒಂದಿನವಾದ್ರೂ ಹೊಟ್ಟೆ ತುಂಬ ತಿನ್ನಲಿ ಪಾಪ."

ಕಲ್ಲೇಶ ಆಗಲೇ ಬಂದು ಹುರುಳಿ ತಿನ್ನಿಸಿ, ಲಾಳ ತರಲು ಶಿವಮೊಗ್ಗದ ಬಸ್ಸು ಹತ್ತಿದ್ದ. ನಾನು ಎರಡೂ ಬಕೆಟು ಕೊಟ್ಟಿಗೆಯ ಕಲ್ಲುಬಾನಿಗೆ ಸುರಿದೆ. ಅನ್ನ ಸ್ವಲ್ಪ ಹುಳಿ ವಾಸನೆ ಬರುತ್ತಿತ್ತು. ದನಗಳು ಅದನ್ನೇ ಇಷ್ಟಪಟ್ಟು ತಿನ್ನುತ್ತವೆ. ಮುತ್ತು ತಲೆ ಎತ್ತದೆ ತಿಂದಿತು, ಬಾನಿಯ ತಳ ನೆಕ್ಕಿತು. ನೋಡಿ ನನಗೆ ತುಂಬಾ ಸಂತೋಷವಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಕೊಟ್ಟಿಗೆಯಿಂದ ಧಡಧಡ ಸದ್ದು ಬಂತು. ಹೋಗಿ ನೋಡಿದರೆ ಮುತ್ತು ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಕತ್ತು ತಿರುಗಿಸಿ ತನ್ನ ಪಕ್ಕೆ ನೋಡಿಕೊಳ್ಳುತ್ತಿತ್ತು. ಮೈಯೆಲ್ಲ ಬೆವರು. ಬೀಳುತ್ತಿತ್ತು, ಹೊರಳುತ್ತಿತ್ತು, ಮತ್ತೆ ಏಳುತ್ತಿತ್ತು. ನಾನು ಗೊಟ್ಟ ಹುಡುಕಿ ಎಣ್ಣೆ ತುಂಬಿಸಿ ಬಾಯಿಗಿಟ್ಟೆ. ಅರ್ಧ ಹೋಯಿತೋ ಇಲ್ಲವೋ, ಅದು ತಲೆ ಕೊಡವಿ ಕೆಮ್ಮಿತು. ಎಣ್ಣೆ ಮೂಗಿನಿಂದ ವಾಪಸು ಬಂತು. ದನಕ್ಕೆ ಹಾಗೆ ಆಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆಗ ಹೆದರಿ ಡಾಕ್ಟರಿಗೆ ಫೋನು ಮಾಡಿಸಿದೆ.

ಡಾಕ್ಟರು ಮೇಘನ ಅಂತ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುಕ್ಕಾಲು ಗಂಟೆಯಲ್ಲಿ ಜೀಪಿನಲ್ಲಿ ಬಂದರು. ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟು ಎರಡೂ ಕಡೆ ಕೇಳಿದರು. ಮೂಗಿನ ಹತ್ತಿರದ ಜಿಡ್ಡು ಮುಟ್ಟಿ ನೋಡಿದರು.

"ಎಣ್ಣೆ ಕುಡಿಸಿದ್ರಾ ಅಮ್ಮ?"

"ಹೌದು. ಸ್ವಲ್ಪ."

"ಇನ್ನು ಮೇಲೆ ಹಾಗೆ ಮಾಡ್ಬೇಡಿ, ಶ್ವಾಸಕೋಶಕ್ಕೆ ಹೋಗ್ತದೆ. ತಿಂದಿದ್ದು ಏನು? ಸರಿಯಾಗಿ ಹೇಳಿ."

ಬೈರಪ್ಪ ಬಾಗಿಲಲ್ಲಿ ನಿಂತಿದ್ದರು. ಗಣಪತಿಯೂ ಸದ್ದು ಕೇಳಿ ಬಂದಿದ್ದವನು ಬೇಲಿಯ ಆಚೆ ಇದ್ದ. ಎಣ್ಣೆಯ ವಿಷಯಕ್ಕೇ ಹುಡುಗಿಯ ಕೈಲಿ ಅನ್ನಿಸಿಕೊಂಡಾಗಿತ್ತು.

"ಹುಲ್ಲು," ಅಂದೆ. "ಬೆಳಿಗ್ಗೆ ಅವ್ನು ಹಾಕಿದ ಹುರುಳಿ."

"ಬೇರೆ ಏನೂ ಇಲ್ವಾ?"

"ಇಲ್ಲ."

ಬೈರಪ್ಪ ನನ್ನನ್ನು ನೋಡಿದರು. ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಬಕೆಟು ತಂದ ಗಣಪತಿ ಕಾಲಿನಿಂದ ಕಲ್ಲು ಹೊರಳಿಸುತ್ತ ನಿಂತ.

"ಹಾಗಾದ್ರೆ ವಾಯು ಇರ್ಬೇಕು. ಇಂಜೆಕ್ಷನ್ ಕೊಡ್ತೀನಿ, ನಿಧಾನಕ್ಕೆ ನಡೆಸಿ. ಇಲ್ಲೇ ಒಂದು ಎಮ್ಮೆ ಕರು ಹಾಕ್ಲಿಕ್ಕೆ ಕಷ್ಟಪಡ್ತಿದೆ, ನೋಡಿ ವಾಪಸ್ ಬರ್ತೀನಿ."

ಅವರ ಜೀಪು ತಿರುಗುವವರೆಗೂ ಹೇಳಲು ಸಮಯವಿತ್ತು. ಹೇಳಲಿಲ್ಲ.

ಎರಡು ಗಂಟೆ ನಡೆಸಿದೆವು. ನಾಲ್ಕು ಗಂಟೆಯ ಸುಮಾರಿಗೆ ಮುತ್ತು ಕೆರೆಯುವುದು ನಿಲ್ಲಿಸಿತು. ಹೊರಳಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ನಿಂತಿತು. ನನಗೆ ಹೋದ ಜೀವ ಬಂದಂತಾಯಿತು. "ನೋಡಿ, ಇಂಜೆಕ್ಷನ್ ಹಿಡೀತು," ಅಂತ ಬೈರಪ್ಪನಿಗೆ ಹೇಳಿದೆ. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಅಂತಲೂ ಮನಸ್ಸಿನಲ್ಲಿ ಬಂತು. ಒಳಗೆ ಹೋಗಿ ಮುಖ ತೊಳೆದು ಕಾಫಿಗೆ ನೀರಿಟ್ಟೆ.

ಡಾಕ್ಟರು ವಾಪಸು ಬಂದವರು ಕುದುರೆಯ ತುಟಿ ಎತ್ತಿ ನೋಡಿದರು. ವಸಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಕಿವಿ ಮುಟ್ಟಿದರು, ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. ತಣ್ಣಗಿತ್ತು.

"ಎಂಥ ಹಾಕಿದ್ರಿ ಅಮ್ಮ?"

ಹೇಳಿದೆ. ಎರಡು ಬಕೆಟು, ಪಾಯಸ, ನಿನ್ನೆಯದ್ದು.

ಅವರು ಬೈಯಲಿಲ್ಲ. "ಮೂಗಿಂದ ಪೈಪ್ ಇಳಿಸಿ ಹೊಟ್ಟೆ ಖಾಲಿ ಮಾಡ್ಬಹುದಿತ್ತು. ಪೈಪ್ ಜೀಪಲ್ಲೇ ಇತ್ತು. ಈಗ ಹೊಟ್ಟೆ ಒಡೆದಿದೆ. ಒಡೆದ ಮೇಲೆ ಸ್ವಲ್ಪ ಹೊತ್ತು ನೋವು ಕಡಿಮೆ ಆಗ್ತದೆ, ಅದಕ್ಕೇ ಸುಮ್ನೆ ನಿಂತಿರೋದು."

"ಆಗ್ಲೇ ಹೇಳಿದ್ರೆ ಉಳೀತಿತ್ತಾ?"

"ಉಳಿದ್ರೂ ಉಳೀತಿತ್ತು. ಈಗಂತೂ ಇಲ್ಲ."

ಕಲ್ಲೇಶನಿಗೆ ಅವರೇ ಫೋನು ಮಾಡಿ, ಹೊಟ್ಟೆ ಒಡೆದಿದೆ, ಇಂಜೆಕ್ಷನ್ ಕೊಟ್ಟು ಮಲಗಿಸುವುದೊಂದೇ ದಾರಿ ಅಂದರು. ಅವನು ವಾಪಸು ಬರುತ್ತಿದ್ದ ಬಸ್ಸು ಇನ್ನೂ ತೀರ್ಥಹಳ್ಳಿ ದಾಟಿರಲಿಲ್ಲ. ತಾನು ಬರುವವರೆಗೆ ಕಾಯಲಾಗುವುದಿಲ್ಲವೇ ಅಂತ ಅವನು ಕೇಳಿದ್ದು ನನಗೂ ಕೇಳಿಸಿತು. "ಅಷ್ಟು ಹೊತ್ತು ಅದು ನರಳ್ಬೇಕಾಗ್ತದೆ ಅಣ್ಣ," ಅಂದರು ಡಾಕ್ಟರು. ಅವನು ಒಪ್ಪಿದ. ಕೊನೆಯ ಇಂಜೆಕ್ಷನ್ ಕೊಡುವಾಗ ಹಗ್ಗ ನಾನೇ ಹಿಡಿದುಕೊಂಡಿದ್ದೆ. ಹೊರಡುವಾಗ ಅವರು, "ಅನ್ನದ ವಿಷಯ ಅವನಿಗೆ ನೀವೇ ಹೇಳಿ. ನಾನು ಹೇಳೋದು ಸರಿಯಲ್ಲ," ಅಂದರು.

ಕಲ್ಲೇಶ ಬಂದಾಗ ಇನ್ನೂ ಬೆಳಕಿತ್ತು. ಲಾಳದ ಚೀಲ ಕೆಳಗಿಟ್ಟು ಕುದುರೆಯ ಕತ್ತಿನ ಹತ್ತಿರ ಕೂತ.

"ನಂದೇ ತಪ್ಪು ಅಕ್ಕ. ಬೆಳಿಗ್ಗೆ ಹುರುಳಿ ಸರಿಯಾಗಿ ನೆಂದಿರ್ಲಿಲ್ಲ. ಬಸ್ಸಿನ ಅವಸರದಲ್ಲಿ ಹಂಗೇ ಹಾಕಿಬಿಟ್ಟೆ. ಒಳಗೆ ಉಬ್ಬಿರ್ಬೇಕು." ಮೂಗು ಒರೆಸಿಕೊಂಡ. "ಇನ್ನೊಂದು ಉಪಕಾರ ಮಾಡ್ಬೇಕು ನೀವು. ಇದನ್ನ ಇಲ್ಲೇ ಹೂಳಾಕೆ ಜಾಗ ಕೊಡ್ತೀರಾ?"

ಅವನು ಅಷ್ಟು ನಂಬಿಬಿಟ್ಟಿದ್ದ. ನಾನು ಹೂಂ ಅಂದಿದ್ದರೆ ಸಾಕಾಗಿತ್ತು. ಬೈರಪ್ಪನೂ ಗಣಪತಿಯೂ ಸಾಯುವವರೆಗೆ ಬಾಯಿ ಬಿಡುತ್ತಿರಲಿಲ್ಲ.

"ಹುರುಳಿ ಅಲ್ಲ ಕಲ್ಲೇಶ," ಅಂದೆ. "ನಾನು ಅನ್ನ ಹಾಕಿದೆ. ಎರಡು ಬಕೆಟು."

ಅವನು ಕೂತಲ್ಲಿಂದ ತಲೆ ಎತ್ತಿದ. "ಅನ್ನ?"

"ಬಡಕಲಾಗಿದೆ ಅಂತ... ಪಾಪ ಅಂತ ಹಾಕಿದೆ."

"ಡಾಕ್ಟ್ರಿಗೆ ಹೇಳಿದ್ರಾ?"

ಅದೊಂದನ್ನು ಅವನು ಕೇಳಬಾರದಾಗಿತ್ತು.

"ಮೊದಲ ಸಲ ಕೇಳಿದಾಗ ಹೇಳಲಿಲ್ಲ."

ಕಲ್ಲೇಶ ಕುದುರೆಯ ಮುಖಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಬೆಳಿಗ್ಗೆ ಜೆಸಿಬಿ ಜೊತೆ ಬಂದ. ಗಾನವಿಯೂ ಬಂದಿದ್ದಳು. ಇಬ್ಬರೂ ಜಗಲಿ ಹತ್ತಲಿಲ್ಲ, ನಾನು ತಂದ ಕಾಫಿ ಮುಟ್ಟಲಿಲ್ಲ. ಗುಂಡಿ ಎಲ್ಲಿ ತೆಗೆಯಬೇಕು ಅಂತ ಅವನು ಬೈರಪ್ಪನನ್ನು ಕೇಳಿದ. ಕೇಳಿ, ನನಗೂ ಕೇಳಿಸುವ ಹಾಗೆ, "ಬೇರೆ ಎಲ್ಲಾದ್ರೂ ಒಂದು ಅಂಗೈಯಷ್ಟು ಜಾಗ ಇದ್ದಿದ್ರೆ ಇಲ್ಲಿ ಬಿಡ್ತಿರ್ಲಿಲ್ಲ ಅಣ್ಣ," ಅಂದ.

ಬೈರಪ್ಪ ಬ್ಯಾಣದ ಮೇಲ್ಭಾಗಕ್ಕೆ ಕೈ ತೋರಿಸಿದರು. ಅಲ್ಲಿ ನೆಲದಡಿ ನೀರಿನ ಪೈಪು ಹೋಗಿರುವುದು ಅವರಿಗೆ ಮರೆತಿತ್ತು. ನಾನು ಇಳಿದು ಹೋಗಿ, ಡ್ರೈವರಿಗೆ ಪೈಪು ಹೋದ ಜಾಗದಲ್ಲಿ ಒಂದು ಕೋಲು ನೆಟ್ಟು ತೋರಿಸಿ, ಪಕ್ಕಕ್ಕೆ ಸರಿದು ನಿಂತೆ.