ಮುನಿರಾಜು ಎಣಿಸಿದ ಬಾವಲಿಗಳು

ಮಲ್ಲೇಶ್ವರದ ಮಾರ್ಕೆಟ್ಟಿನ ಹತ್ತಿರ ಇಪ್ಪತ್ತಾರು ವರ್ಷದಿಂದ ತರಕಾರಿ ಮಾರುವ ಮುನಿರಾಜು ಗುಹೆ ಹೊಗುವವರ ಗುಂಪಿಗೆ ಸೇರಿದ್ದು ಗುಹೆಯ ಮೇಲಿನ ಪ್ರೀತಿಯಿಂದಲ್ಲ. ಮೊದಲು ಹೆಸರು ಬರೆಸಿದ್ದು ಕಾಲೇಜಿಗೆ ಹೋಗುವ ಮಗಳು ರಮ್ಯಶ್ರೀ. “ಕತ್ತಲೆ ಬಿಲಕ್ಕೆ ನಿನ್ನೊಬ್ಬಳನ್ನೇ ಕಳಿಸಲ್ಲ” ಎಂದು ಅವನೂ ಬರೆಸಿದ. ಎರಡು ಭಾನುವಾರ ಕಳೆಯುವಷ್ಟರಲ್ಲಿ ರಮ್ಯಶ್ರೀ ಬೆಳಿಗ್ಗೆ ಏಳುವುದು ಬೇಜಾರಾಗಿ ಬಿಟ್ಟುಬಿಟ್ಟಳು. ಅಪ್ಪ ಬಿಡಲಿಲ್ಲ. “ಹೆಲ್ಮೆಟ್ ತಗೊಂಡ್ಬಿಟ್ಟಿದೀನಲ್ಲ” ಎಂದು ಮನೆಯಲ್ಲಿ ಕಾರಣ ಕೊಟ್ಟ.

ಅಭ್ಯಾಸ ನಡೆಯುತ್ತಿದ್ದದ್ದು ವೈಯಾಲಿಕಾವಲ್‌ನಲ್ಲಿ, ಗುಂಪು ನಡೆಸುವ ಅನಿಲ್ ಕುಮಾರ್ ಮನೆಯ ಹಿತ್ತಲಿನ ಮಾವಿನ ಮರದಲ್ಲಿ. ಹಗ್ಗ ಕಚ್ಚಿ ಹಿಡಿಯುವ ಎರಡು ಕ್ಲಿಪ್ಪುಗಳನ್ನು ಒಂದಾದ ಮೇಲೊಂದು ಮೇಲಕ್ಕೆ ಜಾರಿಸುತ್ತಾ ಹತ್ತಬೇಕು. ಮೂರನೇ ಭಾನುವಾರ ಮುನಿರಾಜು ಹತ್ತಡಿ ಹತ್ತಿ ಅಲ್ಲೇ ಸಿಕ್ಕಿಕೊಂಡ. ಅನಿಲ್ ಫೋನ್ ಬಂತೆಂದು ಒಳಗೆ ಹೋಗಿದ್ದ. ಅಷ್ಟರಲ್ಲಿ ಅವನ ತಾಯಿ ಅಕ್ಕಯಮ್ಮ ಕರಿಬೇವು ಕೀಳಲು ಬಂದರು.

“ಮುನಿರಾಜು ಅಲ್ವೇನಪ್ಪಾ? ಬುಧವಾರ ಕೊಟ್ಟ ಹೀರೇಕಾಯಿ ಬರೀ ಕಹಿ.”

“ಇಳಿದು ಬಂದು ಮಾತಾಡ್ತೀನಮ್ಮಾ.”

“ಇಳಿಯೋಕೆ ಆಗ್ತಿದ್ಯಾ?”

“ಇಲ್ಲ.”

“ಹಂಗಾದ್ರೆ ಈಗ್ಲೇ ಕೇಳು. ನುಗ್ಗೇಕಾಯೂ ಬಲಿತಿತ್ತು.”

ಅಂಗಡಿಯಲ್ಲಾಗಿದ್ದರೆ ಬೇರೆ ಗಿರಾಕಿಯ ಕಡೆ ತಿರುಗಬಹುದಿತ್ತು. ಇಲ್ಲಿ ಹಗ್ಗ ಅವನನ್ನು ತನಗಿಷ್ಟ ಬಂದ ಕಡೆ ತಿರುಗಿಸುತ್ತಿತ್ತು, ಹೆಚ್ಚಾಗಿ ಅಕ್ಕಯಮ್ಮನ ಕಡೆಗೇ. ಅವತ್ತೇ ಅವನು ಹಟ ಹಿಡಿದ. ಒಂದೂವರೆ ತಿಂಗಳಲ್ಲಿ ಹತ್ತುವುದನ್ನೂ ಇಳಿಯುವುದನ್ನೂ ಕಲಿತ.

ಮೊದಲ ಸಲ ಅವರು ಹೋದದ್ದು ಕೋಲಾರದ ಆಚೆ, ದೊಡ್ಡ ಬಂಡೆಗಳ ನಡುವಿನ ಒಂದು ಗುಹೆಗೆ. ಅಲ್ಲಿನ ಬಾವಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಮಾನ್ಯ ಎಂಬ ಹುಡುಗಿಗೆ ಈ ಗುಂಪಿನ ಸಹಾಯ ಬೇಕಿತ್ತು. ಬಾವಲಿ ಬೆದರದಂತೆ ಕೆಂಪು ದೀಪ, ಒಂದೇ ನಿಮಿಷ, ಮಾತಿಲ್ಲ. ಹೊರಗೆ ಬಂದು ಎಷ್ಟಿವೆ ಎಂದು ಹೇಳಬೇಕು. ಅನಿಲ್ ಇನ್ನೂರು ಎಂದ. ಇನ್ನೊಬ್ಬರು ಐನೂರು ಎಂದರು.

“ನಿಮ್ದೆಷ್ಟು, ಅಂಕಲ್?”

“ಎರಡೂವರೆ ಕ್ರೇಟು.”

ಮಾನ್ಯಳ ಪೆನ್ನು ನಿಂತಿತು.

“ಗುಂಡು ಬದನೇಕಾಯಿ ಲೆಕ್ಕದಲ್ಲಮ್ಮಾ. ಕ್ರೇಟಿಗೆ ನೂರ ನಲವತ್ತು.”

ಎಲ್ಲರೂ ನಕ್ಕರು. ವಾರದ ಮೇಲೆ ಮಾನ್ಯ ಫೋನ್ ಮಾಡಿದಳು. ಗುಹೆಯಲ್ಲಿ ತೆಗೆದಿದ್ದ ಫೋಟೋ ಹಿಗ್ಗಿಸಿ ಒಂದೊಂದಾಗಿ ಎಣಿಸಿದರೆ ಮುನ್ನೂರ ಮೂವತ್ತೆಂಟು ಬಂದಿತ್ತು, ಮುನಿರಾಜು ಹೇಳಿದ್ದಕ್ಕೆ ಬರೀ ಹನ್ನೆರಡು ಕಡಿಮೆ. ಅವತ್ತು ಬಂದ ಪ್ರತಿ ಗಿರಾಕಿಗೂ ಅವನು ಕೊತ್ತಂಬರಿ ಸೊಪ್ಪಿನ ಜೊತೆ ಈ ಸುದ್ದಿಯನ್ನೂ ಕೊಸರು ಹಾಕಿದ.

ನಾಲ್ಕು ತಿಂಗಳ ಮೇಲೆ ಮತ್ತೆ ಹೋದಾಗ ಗೋಡೆಯ ಮೇಲೆ ಅರ್ಧ ಕ್ರೇಟೂ ಇರಲಿಲ್ಲ. ಯಾರೋ ಒಳಗೆ ಬೆಂಕಿ ಹಾಕಿ ಓಡಿಸಿರಬೇಕು ಎಂದು ಮಾನ್ಯಳ ಮುಖ ಬಾಡಿತು. ಮುನಿರಾಜು ಗೋಡೆ ಬಿಟ್ಟು ನೆಲ ನೋಡುತ್ತಿದ್ದ. ಒಂದು ಮೂಲೆಯಲ್ಲಿ ಹಿಕ್ಕೆ ಇನ್ನೂ ಹಸಿಯಾಗಿತ್ತು. ಅದರ ನೇರಕ್ಕೆ, ಇಪ್ಪತ್ತೈದಡಿ ಮೇಲೆ, ಬಂಡೆಯಲ್ಲೊಂದು ಬಿರುಕು.

“ಮಾಲು ಖಾಲಿಯಾಗಿಲ್ಲಮ್ಮಾ,” ಎಂದ ಮೆಲ್ಲಗೆ. “ಗೋಡೌನ್ ಬದಲಾಯ್ಸಿದಾವೆ.”

ಅನಿಲ್ ಹೊರಗಿನಿಂದ ಬಂಡೆ ಹತ್ತಿ, ಮೇಲಿದ್ದ ಸಂದಿಯಿಂದ ಹಗ್ಗ ಇಳಿಬಿಟ್ಟು ಕೆಳಗೆ ಬಂದ. “ಕಂಡುಹಿಡಿದೋರು ನೀವು, ನೀವೇ ಹತ್ತಿ ಮುನಿರಾಜಣ್ಣ” ಎಂದ. ಹೊಟ್ಟೆ ಬಂಡೆಗೆ ಉಜ್ಜಿಸಿಕೊಂಡು, ಏದುಸಿರು ನುಂಗಿಕೊಂಡು ಮುನಿರಾಜು ಹತ್ತಿದ. ಬಿರುಕಿನ ಎದುರು ಅಲ್ಲಾಡದೆ ನೇತುಕೊಂಡು ಕೆಂಪು ದೀಪ ಹಾಕಿದ.

ಒಳಗೆ ತಾಯಿ ಬಾವಲಿಗಳು ಒತ್ತೊತ್ತಾಗಿ ಜೋತುಬಿದ್ದಿದ್ದವು. ಒಂದೊಂದರ ಹೊಟ್ಟೆಗೂ ಕೂದಲಿಲ್ಲದ, ಹೆಬ್ಬೆರಳಿನ ಗಾತ್ರದ ಒಂದು ಮರಿ ಅಂಟಿಕೊಂಡಿತ್ತು. ಮುನಿರಾಜುಗೆ ಎಣಿಸುವುದೇ ಮರೆತುಹೋಯಿತು. ನೆನಪಾಗಿ ಎಣಿಸಿದ, ದೀಪ ಆರಿಸಿದ, ಸದ್ದಿಲ್ಲದೆ ಇಳಿದ.

“ಎರಡು ಕ್ರೇಟು. ತಾಯಂದಿರು ಮಾತ್ರ, ಮರಿ ಲೆಕ್ಕ ಹಾಕಿಲ್ಲ,” ಎಂದ. ಗುಹೆಯಿಂದ ಹೊರಬಂದಿದ್ದರೂ ಪಿಸುಮಾತಿನಲ್ಲೇ ಹೇಳಿದ.

ಮಾನ್ಯ ಅದನ್ನು ಅವನಿಂದ ಮೂರು ಸಲ ಹೇಳಿಸಿದಳು. ಮೂರು ವರ್ಷದಿಂದ ಬರುತ್ತಿದ್ದರೂ ಅವಳು ಅಲ್ಲಿ ಒಂದು ಮರಿಯನ್ನೂ ನೋಡಿರಲಿಲ್ಲ. ಮರಿಗಳು ಹಾರುವವರೆಗೆ, ಅಂದರೆ ಇನ್ನು ಮೂರು ತಿಂಗಳು, ಯಾರೂ ಒಳಗೆ ಕಾಲಿಡಬಾರದು ಎಂದಳು.

“ನಾವೂನಾ?”

“ನಾವೇ ಮೊದಲು, ಅಂಕಲ್.”

ಬೆಂಗಳೂರು ಬರುವವರೆಗೂ ಮುನಿರಾಜು ಮುಖ ಊದಿಸಿಕೊಂಡಿದ್ದ. ಮನೆಯಲ್ಲಿ ರಮ್ಯಶ್ರೀ, “ಅಷ್ಟೆಲ್ಲಾ ಕಲ್ತು ಈಗ ಹೊರಗೆ ನಿಂತ್ಕೋಬೇಕಾ ಅಪ್ಪಾ?” ಎಂದು ಕೆಣಕಿದರೆ, ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ.

ಮುಂದಿನ ವಾರ, ವಾಕಿಂಗ್ ಮುಗಿಸಿ ಬಂದ ಗಿರಾಕಿಯೊಬ್ಬರು ಕ್ಯಾರೆಟ್ ಆರಿಸುತ್ತಾ, “ನಮ್ಮನ್ನೂ ಒಂದ್ಸಲ ನಿಮ್ಮ ಗುಹೆಗೆ ಕರ್ಕೊಂಡು ಹೋಗ್ರೀ,” ಎಂದರು.

“ಈಗ ಆಗಲ್ಲ ಸಾರ್. ಬಾಣಂತಿಯರಿದಾರೆ.”

“ಹೌದಾ? ಯಾರ ಮನೇಲಿ?”

“ನಮ್ಮ ಕಡೆಯವರೇ,” ಎಂದು ಮುನಿರಾಜು ಕ್ಯಾರೆಟ್ಟನ್ನು ತಕ್ಕಡಿಗೆ ಹಾಕಿದ.